ಅಡುಗೆ ಕಟ್ಟೆ ಹಿಡಿದು ಅಡ್ಡ ನಡಿಗೆ: ಸೊಂಟದ ಬಲಕ್ಕೆ, ಕಾಲಿನ ಹಿಡಿತಕ್ಕೆ

ನಮ್ಮ ಅವ್ವ ದಿನವೂ ನಡೆಯುತ್ತಿದ್ದರು. ಬೆಳಗ್ಗೆ ಎದ್ದು ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಹೋಗಿ ನಾಲ್ಕು ಸುತ್ತು ಹಾಕಿ, ಬರುವ ದಾರಿಯಲ್ಲಿ ಎರಡು ಕಟ್ಟು ಸೊಪ್ಪು ಹಿಡಿದುಕೊಂಡು ಮನೆ ಸೇರುವುದು ಅವರ ರೂಢಿಯಾಗಿತ್ತು. ಅವರು ಬಿದ್ದದ್ದು ಹಿತ್ತಲಿನಲ್ಲಿ. ಹಗ್ಗದ ಮೇಲೆ ಒಣಗಿದ್ದ ಸೀರೆಯ ತುದಿ ಕೈಗೆ ಎಟುಕಲಿಲ್ಲವೆಂದು, ನಿಂತ ಜಾಗದಿಂದ ಪಾದ ಕದಲಿಸದೆ ಎಡಕ್ಕೆ ಬಾಗಿ ಎಳೆದಾಗ ಆಯ ತಪ್ಪಿತು. ಎಡಗಾಲು ಒಂದು ಗೇಣು ಪಕ್ಕಕ್ಕೆ ಸರಿದು ನೆಲಕ್ಕೆ ಊರಿದ್ದರೆ ಸಾಕಾಗಿತ್ತು, ಅದು ಸರಿಯಲಿಲ್ಲ. ಎಡ ಮಗ್ಗುಲು ನೇರವಾಗಿ ಚಪ್ಪಡಿ ಕಲ್ಲಿಗೆ ಬಡಿದು, ತೊಡೆಮೂಳೆ ಸೊಂಟದ ಕೀಲಿನ ಹತ್ತಿರ ಮುರಿಯಿತು.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿರುವವಳು. ಮುಂದಕ್ಕೆ ನಡೆಯುವುದರಲ್ಲಿ ಅವ್ವನಿಗೆ ಯಾವ ಕೊರತೆಯೂ ಇರಲಿಲ್ಲ ಎಂಬುದನ್ನು ನೋಡಿ ನಾನು ನೆಮ್ಮದಿಯಿಂದಿದ್ದೆ. ಪಕ್ಕಕ್ಕೆ ಇಡಬೇಕಾದ ಆ ಒಂದು ಹೆಜ್ಜೆಯನ್ನು ಅವರಿಗೆ ಅಭ್ಯಾಸ ಮಾಡಿಸಿರಲಿಲ್ಲ. ಅಂದಿನಿಂದ ನನ್ನ ಬಳಿ ಬರುವ ಐವತ್ತು ದಾಟಿದ ಪ್ರತಿಯೊಬ್ಬರಿಗೂ ಆ ಹೆಜ್ಜೆಯನ್ನು ಹೇಳಿಕೊಡುತ್ತಿದ್ದೇನೆ. ಅದನ್ನು ಮನೆಯಲ್ಲಿ ನೀವೇ ಕಲಿಯುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಪಕ್ಕದ ಸ್ನಾಯು ಏನು ಮಾಡುತ್ತದೆ

ಮಾನಸಗಂಗೋತ್ರಿಯ ಪಕ್ಕದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನೂರಾರು ಜನ ನಡೆಯುತ್ತಾರೆ. ಅಷ್ಟೂ ಜನರ ಕಾಲು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುತ್ತದೆ. ಹೃದಯಕ್ಕೆ, ಉಸಿರಿಗೆ, ಸಕ್ಕರೆಯ ಹತೋಟಿಗೆ ಅದರಿಂದ ಆಗುವ ಒಳಿತನ್ನು ನಾನು ಎಂದಿಗೂ ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ದೇಹ ವಾಲುವುದು ಮುಂದಕ್ಕೆ ಮಾತ್ರವಲ್ಲ, ಅಕ್ಕಪಕ್ಕಕ್ಕೂ ವಾಲುತ್ತದೆ. ಹಾಗೆ ವಾಲಿದಾಗ ತಡೆದು ನಿಲ್ಲಿಸಬೇಕಾದ ಸ್ನಾಯುಗಳಿಗೆ ಏರಿಯ ಮೇಲಿನ ನಡಿಗೆಯಲ್ಲಿ ಸಿಗುವ ಕೆಲಸ ಕಡಿಮೆ.

ಆ ಸ್ನಾಯುವನ್ನು ನಿಮ್ಮ ಕೈಯಿಂದಲೇ ಮುಟ್ಟಿ ತಿಳಿಯಬಹುದು. ಗೋಡೆಯ ಪಕ್ಕದಲ್ಲಿ ನಿಂತು ಒಂದು ಕೈಯನ್ನು ಆಸರೆಗಾಗಿ ಗೋಡೆಯ ಮೇಲಿಡಿ. ಇನ್ನೊಂದು ಕೈಯ ಬೆರಳುಗಳಿಂದ, ಪಂಚೆಯೋ ಸೀರೆಯೋ ಕಟ್ಟುವ ಜಾಗದಲ್ಲಿ, ಸೊಂಟದ ಮೂಳೆಯ ಏಣನ್ನು ಹುಡುಕಿ. ಆ ಏಣಿನಿಂದ ನಾಲ್ಕು ಬೆರಳು ಕೆಳಗೆ, ದೇಹದ ಪಕ್ಕಕ್ಕೆ, ಅಂಗೈಯನ್ನು ಒತ್ತಿಡಿ. ಈಗ ಕೈಯಿಟ್ಟ ಕಡೆಯ ಕಾಲಿನ ಮೇಲೆ ಪೂರ್ತಿ ತೂಕ ಹಾಕಿ, ಇನ್ನೊಂದು ಕಾಲನ್ನು ನೆಲದಿಂದ ಒಂದು ಅಂಗುಲ ಎತ್ತಿ. ಮೆತ್ತಗಿದ್ದ ಜಾಗ ಅಂಗೈಯ ಕೆಳಗೆ ಬಿಗಿದು ಗಟ್ಟಿಯಾಗುವುದು ತಿಳಿಯುತ್ತದೆ. ಹೀಗೆ ಬಿಗಿಯುವುದರಲ್ಲಿ ಮುಖ್ಯವಾದದ್ದು ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು. ಸೊಂಟದ ಅಗಲ ಮೂಳೆಯ ಹೊರಮೈಯಿಂದ ಹೊರಟು, ತೊಡೆಮೂಳೆಯ ಮೇಲ್ತುದಿಯಲ್ಲಿ ಹೊರಕ್ಕೆ ಉಬ್ಬಿರುವ ಗಂಟಿಗೆ ಅದು ಅಂಟಿಕೊಂಡಿದೆ. ಅದರ ಅಡಿಯಲ್ಲಿ ಗ್ಲೂಟಿಯಸ್ ಮಿನಿಮಸ್ ಎಂಬ ಚಿಕ್ಕ ಸ್ನಾಯು ಇದೆ.

ನಾವು ನಡೆಯುವಾಗ ಸುಮಾರು ಶೇ. 80ರಷ್ಟು ಸಮಯ ಒಂದೇ ಕಾಲಿನ ಮೇಲೆ ಇರುತ್ತೇವೆ. ಎರಡೂ ಪಾದ ಒಟ್ಟಿಗೆ ನೆಲದಲ್ಲಿರುವುದು ಶೇ. 20ರಷ್ಟು ಹೊತ್ತು ಮಾತ್ರ. ಒಂಟಿ ಕಾಲಿನ ಮೇಲೆ ನಿಂತ ಆ ಹೊತ್ತಿನಲ್ಲಿ ದೇಹದ ಭಾರ ಸೊಂಟವನ್ನು ಎತ್ತಿದ ಕಾಲಿನ ಕಡೆಗೆ ಜಗ್ಗುತ್ತದೆ, ನಿಂತ ಕಾಲಿನ ಪಕ್ಕದ ಸ್ನಾಯು ಅದನ್ನು ಈಚೆ ಕಡೆಯಿಂದ ಎಳೆದು ಸಮವಾಗಿ ಹಿಡಿಯುತ್ತದೆ. ತಕ್ಕಡಿಯನ್ನು ನೆನೆಸಿಕೊಳ್ಳಿ, ಆದರೆ ಅದರ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ದೇಹದ ತೂಕ ಉದ್ದ ತೋಳಿನ ಕಡೆ ತೂಗುತ್ತದೆ, ಸ್ನಾಯು ಗಿಡ್ಡ ತೋಳನ್ನು ಹಿಡಿದು ಎಳೆಯಬೇಕಾಗುತ್ತದೆ. ಹೀಗಾಗಿ ಒಂಟಿ ಕಾಲಿನ ಮೇಲೆ ನಿಂತಾಗ ಸೊಂಟದ ಕೀಲಿನ ಮೇಲೆ ದೇಹದ ತೂಕದ ಎರಡೂವರೆಯಿಂದ ಮೂರು ಪಟ್ಟು ಭಾರ ಬೀಳುತ್ತದೆ. 60 ಕಿಲೋ ತೂಕದವರ ಒಂದು ಕೀಲು 150ರಿಂದ 180 ಕಿಲೋದಷ್ಟು ಒತ್ತಡವನ್ನು ಪ್ರತಿ ಹೆಜ್ಜೆಗೂ ತಡೆದುಕೊಳ್ಳುತ್ತಿರುತ್ತದೆ.

ಈ ಸ್ನಾಯು ಸೋತಾಗ ಸೊಂಟ ಒಂದು ಕಡೆಗೆ ಕುಸಿಯುತ್ತದೆ. ಇದನ್ನು ಪರೀಕ್ಷಿಸುವ ಬಗೆಯನ್ನು ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದರು. ಇಂದಿಗೂ ನಾವು ಅದನ್ನೇ ಬಳಸುತ್ತೇವೆ. ಮನೆಯಲ್ಲಿ ಇದನ್ನು ನೋಡಿಕೊಳ್ಳಲು ಒಂದು ನಿಲುವುಗನ್ನಡಿ ಮತ್ತು ಒಂದು ಟವೆಲ್ ಬೇಕು. ಟವೆಲನ್ನು ಉದ್ದಕ್ಕೆ ಮಡಚಿ ಸೊಂಟದ ಮೂಳೆಗಳ ಮೇಲೆ ಬಿಗಿಯಾಗಿ ಕಟ್ಟಿಕೊಳ್ಳಿ. ಕನ್ನಡಿಗೆ ಎದುರಾಗಿ, ಕೈಗೆ ಸಿಗುವಂತೆ ಒಂದು ಗಟ್ಟಿ ಕುರ್ಚಿಯ ಬೆನ್ನನ್ನು ಇಟ್ಟುಕೊಂಡು ನಿಂತು, ಬಲಗಾಲಿನ ಮೇಲೆ ತೂಕ ಹಾಕಿ ಎಡ ಪಾದವನ್ನು ಎತ್ತಿ, ಹತ್ತು ಎಣಿಸುವ ತನಕ ಟವೆಲಿನ ಮೇಲಂಚನ್ನು ನೋಡಿ. ಅಂಚು ಮಟ್ಟವಾಗಿಯೇ ಉಳಿದರೆ ಬಲಗಡೆಯ ಸ್ನಾಯು ತನ್ನ ಕೆಲಸ ಮಾಡುತ್ತಿದೆ ಎಂದು ಅರ್ಥ. ಎತ್ತಿದ ಕಾಲಿನ ಕಡೆಗೆ, ಅಂದರೆ ಎಡಕ್ಕೆ, ಅಂಚು ಇಳಿದರೆ ಬಲಗಡೆಯ ಸ್ನಾಯುವಿಗೆ ಬಲ ಸಾಲದು. ಕೆಲವರಲ್ಲಿ ಅಂಚು ಇಳಿಯುವುದಿಲ್ಲ, ಬದಲಿಗೆ ಎದೆ ಮತ್ತು ಭುಜ ನಿಂತ ಕಾಲಿನ ಕಡೆಗೆ ವಾಲುತ್ತವೆ. ಅದೂ ಅದೇ ಕೊರತೆಯ ಇನ್ನೊಂದು ರೂಪ. ಈಗ ಕಾಲು ಬದಲಿಸಿ. ಎರಡೂ ಕಡೆ ಒಂದೇ ಸಮ ಇರುವವರನ್ನು ನಾನು ನೋಡಿರುವುದು ಕಡಿಮೆ. ಯಾವ ಕಡೆ ಎಷ್ಟು ಇಳಿಯಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಮೊದಲು ಯಾರು ವೈದ್ಯರನ್ನು ಕೇಳಬೇಕು

ಸೊಂಟದ ಕೀಲು ಬದಲಾಯಿಸಿಕೊಂಡವರು, ಇತ್ತೀಚೆಗೆ ಮೂಳೆ ಮುರಿತ ಅಥವಾ ಶಸ್ತ್ರಚಿಕಿತ್ಸೆ ಆದವರು ತಮ್ಮ ಸರ್ಜನ್ ಒಪ್ಪುವವರೆಗೆ ಇದನ್ನು ಮಾಡಬಾರದು, ಏಕೆಂದರೆ ಕೆಲವು ಬಗೆಯ ಶಸ್ತ್ರಚಿಕಿತ್ಸೆಯಲ್ಲಿ ಇದೇ ಸ್ನಾಯುವನ್ನು ಬಿಡಿಸಿ ಮತ್ತೆ ಹೊಲಿದಿರುತ್ತಾರೆ. ತಲೆ ಸುತ್ತು ಇರುವವರು, ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಕಾಯಿಲೆ ಇರುವವರು, ಕಳೆದ ಒಂದು ವರ್ಷದಲ್ಲಿ ಎರಡು ಸಲ ಬಿದ್ದವರು ಒಬ್ಬರೇ ಇರುವಾಗ ಅಭ್ಯಾಸಕ್ಕೆ ಇಳಿಯಬಾರದು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಕುಳಿತಲ್ಲಿಂದ ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುವುದುಂಟು. ಅವರು ಎದ್ದು ಒಂದು ನಿಮಿಷ ನಿಂತು, ಆಮೇಲೆ ಶುರು ಮಾಡಬೇಕು. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದಿರುವವರು ಬರಿಗಾಲಿನಲ್ಲಿ ಮಾಡದೆ, ಹಿಮ್ಮಡಿಗೆ ಪಟ್ಟಿ ಇರುವ ಶೂ ಹಾಕಿಕೊಳ್ಳಬೇಕು.

ಜಾಗ

ಇದಕ್ಕೆ ಪಾರ್ಕೂ ಬೇಡ, ಜಿಮ್ಮೂ ಬೇಡ. ಮನೆಯಲ್ಲಿ ಅಡುಗೆ ಕಟ್ಟೆಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಅದು ಸೊಂಟದ ಎತ್ತರಕ್ಕಿರುತ್ತದೆ, ಕುರ್ಚಿಯಂತೆ ಜರುಗುವುದಿಲ್ಲ, ಆರೇಳು ಅಡಿ ಉದ್ದವಿರುತ್ತದೆ. ಒಲೆ ಆರಿಸಿರಬೇಕು, ಕಟ್ಟೆಯ ಅಂಚಿನಲ್ಲಿ ಬಿಸಿ ಪಾತ್ರೆಯಾಗಲಿ ಚಾಕುವಾಗಲಿ ಇರಬಾರದು. ನೆಲದ ಮೇಲಿನ ಕಾಲೊರಸನ್ನು ತೆಗೆದು ಪಕ್ಕಕ್ಕಿಡಿ. ಅಡ್ಡ ಹೆಜ್ಜೆಯಲ್ಲಿ ಪಾದದ ಹೊರ ಅಂಚು ಮೊದಲು ಹೋಗುವುದರಿಂದ ಬಟ್ಟೆಯ ತುದಿಗೆ ತಾಗಿ ಮುಗ್ಗರಿಸುವ ಸಂಭವ ಹೆಚ್ಚು. ಮೈಸೂರಿನ ಅಗ್ರಹಾರದ ಹಳೆಯ ಮನೆಗಳಲ್ಲಿ ಇನ್ನೂ ಉಳಿದಿರುವ ಕೆಂಪು ಗಾರೆಯ ನೆಲ ಒಣಗಿದ್ದಾಗ ಪಾದಕ್ಕೆ ಹಿತ, ಒದ್ದೆಯಾದರೆ ಗಾಜಿನಂತೆ ಜಾರುತ್ತದೆ. ಆದ್ದರಿಂದ ನೆಲ ಒರೆಸಿದ ಕೂಡಲೇ ಬೇಡ. ಹವಾಯಿ ಚಪ್ಪಲಿ ಹಾಕಿಕೊಂಡು ಖಂಡಿತ ಬೇಡ. ಪಕ್ಕಕ್ಕೆ ಸರಿಯುವಾಗ ಪಾದ ಒಂದು ಕಡೆಗೆ, ಚಪ್ಪಲಿ ಇನ್ನೊಂದು ಕಡೆಗೆ ಹೋಗುತ್ತದೆ. ಸೀರೆಯ ನೆರಿಗೆಯನ್ನು ಪಾದದಿಂದ ಮೇಲಕ್ಕೆ ಎತ್ತಿ ಸಿಕ್ಕಿಸಿ, ಪಂಚೆಯನ್ನು ಮಂಡಿಗೆ ಎತ್ತಿ ಕಟ್ಟಿ.

ಹೆಜ್ಜೆಯ ಕ್ರಮ

ಮೊದಲನೆಯ ಹಂತದಲ್ಲಿ ಹೆಜ್ಜೆಯೇ ಇಲ್ಲ. ಕಟ್ಟೆಗೆ ಮುಖ ಮಾಡಿ, ಎರಡೂ ಅಂಗೈಗಳನ್ನು ಅದರ ಮೇಲೆ ಹಗುರವಾಗಿ ಊರಿ ನಿಲ್ಲಿ. ಪಾದಗಳ ನಡುವೆ ಒಂದು ಗೇಣು ಅಂತರವಿರಲಿ, ಕಾಲಿನ ಬೆರಳುಗಳು ನೇರ ಕಟ್ಟೆಯ ಕಡೆಗೆ ತಿರುಗಿರಲಿ, ಮಂಡಿ ಬಿಗಿಯದೆ ಸ್ವಲ್ಪ ಸಡಿಲವಾಗಿರಲಿ. ಈಗ ಪಾದ ಎತ್ತದೆ, ತೂಕವನ್ನು ನಿಧಾನವಾಗಿ ಬಲಗಾಲಿಗೆ ದಾಟಿಸಿ, ಮೂರು ಎಣಿಸಿ, ಎಡಗಾಲಿಗೆ ದಾಟಿಸಿ. ಹತ್ತು ಸಲ. ಇಲ್ಲಿ ಗಮನಿಸಬೇಕಾದದ್ದು ಅಂಗಾಲನ್ನು: ತೂಕ ಬಂದ ಕಾಲಿನ ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ ಈ ಮೂರೂ ನೆಲಕ್ಕೆ ಸಮನಾಗಿ ಒತ್ತಬೇಕು. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಕೂರುವಂತೆ ದೇಹ ಆ ಮೂರರ ಮೇಲೆ ಕೂರಬೇಕು. ತುಂಬ ನಿಶ್ಶಕ್ತರಾದವರು ಮೊದಲ ಒಂದು ವಾರ ಇಷ್ಟನ್ನೇ ಮಾಡಿದರೂ ಸರಿಯೇ.

ಎರಡನೆಯ ಹಂತದಲ್ಲಿ ಹೆಜ್ಜೆ ಇಡುತ್ತೀರಿ. ಬಲಕ್ಕೆ ಹೋಗುವುದಾದರೆ ಮೊದಲು ತೂಕವನ್ನು ಪೂರ್ತಿ ಎಡಗಾಲಿಗೆ ಕೊಡಿ. ಬಹಳ ಜನ ಈ ಕೆಲಸವನ್ನು ಬಿಟ್ಟು ನೇರವಾಗಿ ಬಲ ಪಾದವನ್ನು ಎಸೆಯುತ್ತಾರೆ, ಆಗ ದೇಹ ಅದರ ಹಿಂದೆ ಬೀಳುತ್ತಾ ಹೋಗುತ್ತದೆಯೇ ಹೊರತು ನಡೆಯುವುದಿಲ್ಲ. ತೂಕ ಎಡಕ್ಕೆ ಸೇರಿದ ಮೇಲೆ ಬಲ ಪಾದವನ್ನು ನೆಲದಿಂದ ಬಿಡಿಸಿ, ಒಂದು ಮೊಳಕ್ಕಿಂತ ಕಡಿಮೆ ದೂರಕ್ಕೆ, ಹೆಚ್ಚೆಂದರೆ ಭುಜದಷ್ಟು ಅಗಲಕ್ಕೆ ಇಡಿ. ಸದ್ದಾಗಬಾರದು. ಪಾದ ಧಪ್ಪೆಂದು ಬಿದ್ದರೆ ನಿಂತ ಕಾಲು ಅದನ್ನು ಇಳಿಸಲಿಲ್ಲ, ಕೈಬಿಟ್ಟಿತು ಎಂದು ತಿಳಿಯಿರಿ.

ಮೂರನೆಯದು ಎಡ ಪಾದವನ್ನು ತಂದು ಸೇರಿಸುವುದು. ಅಡ್ಡ ನಡಿಗೆಯ ಸಾರವೆಲ್ಲ ಇಲ್ಲಿದೆ ಎಂದು ನಾನು ನಂಬಿದ್ದೇನೆ, ಮತ್ತು ಬಹುತೇಕ ಎಲ್ಲರೂ ಆತುರ ಪಡುವುದೂ ಇಲ್ಲಿಯೇ. ಬಲಗಾಲು ನೆಲಕ್ಕೆ ಊರಿದ ಕೂಡಲೇ ಕೆಲಸ ಮುಗಿಯಿತೆಂಬ ಭಾವನೆ ಬಂದು, ಎಡ ಪಾದವನ್ನು ಸರ್ರನೆ ಎಳೆದುಕೊಂಡುಬಿಡುತ್ತಾರೆ. ಹಾಗೆ ಮಾಡಬೇಡಿ. ತೂಕವನ್ನು ಬಲಗಾಲಿಗೆ ದಾಟಿಸಿ, ಅದು ಅಲ್ಲಿ ನೆಲೆಸಿತೆಂದು ತಿಳಿದ ಮೇಲೆ ಎಡ ಪಾದವನ್ನು ಎತ್ತಿ, ಒಂದು, ಎರಡು, ಮೂರು ಎಂದು ಎಣಿಸುತ್ತಾ ಗಾಳಿಯಲ್ಲಿ ತಂದು, ಬಲ ಪಾದದಿಂದ ಒಂದು ಗೇಣು ದೂರದಲ್ಲಿ ಇಳಿಸಿ. ಆ ಮೂರು ಎಣಿಕೆಯ ಹೊತ್ತೂ ಬಲಗಾಲು ಒಂಟಿಯಾಗಿ ಇಡೀ ದೇಹವನ್ನು ಹೊತ್ತಿರುತ್ತದೆ, ಸೊಂಟದ ಪಕ್ಕದ ಸ್ನಾಯು ಬಿಗಿದಿರುತ್ತದೆ; ತೊಡೆಯ ಒಳಗಡೆಯ ಸ್ನಾಯುಗಳು ಎಡಗಾಲನ್ನು ಒಳಕ್ಕೆ ಸೆಳೆಯುತ್ತವೆ. ರಬ್ಬರ್ ಪಟ್ಟಿ ಕಟ್ಟಿಕೊಂಡು ಅಡ್ಡ ನಡೆಯುವವರ ಸ್ನಾಯುಗಳನ್ನು ಅಳೆದು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿಯೂ, ಚಲಿಸುವ ಕಾಲಿಗಿಂತ ನಿಂತ ಕಾಲಿನ ಪೃಷ್ಠದ ಸ್ನಾಯುಗಳೇ ಹೆಚ್ಚು ದುಡಿದದ್ದು ಕಂಡುಬಂದಿತ್ತು. ಆದ್ದರಿಂದ ಹೋಗುವ ಕಾಲಿನ ಮೇಲಲ್ಲ, ನಿಂತಿರುವ ಕಾಲಿನ ಮೇಲೆ ನಿಮ್ಮ ಮನಸ್ಸಿರಲಿ.

ಹೀಗೆ ಬಲಕ್ಕೆ ಹತ್ತು ಹೆಜ್ಜೆ, ಹಾಗೆಯೇ ಎಡಕ್ಕೆ ಹತ್ತು ಹೆಜ್ಜೆ. ಕಟ್ಟೆ ಗಿಡ್ಡವಾಗಿದ್ದರೆ ಐದೈದರಂತೆ ಎರಡು ಸಲ ಹೋಗಿ ಬನ್ನಿ. ತಿರುಗಿ ನಿಲ್ಲಬೇಡಿ, ಮುಖ ಒಂದೇ ದಿಕ್ಕಿಗೆ ಇದ್ದರೆ ಎರಡೂ ಕಾಲಿಗೂ ಮುಂದಾಳಾಗುವ ಸರದಿ ತಾನಾಗಿಯೇ ಬರುತ್ತದೆ. ಕಣ್ಣು ನೆಲದ ಮೇಲಿರಬಾರದು, ಎದುರಿನ ಗೋಡೆಯ ಮೇಲೆ ಎದೆಮಟ್ಟದ ಒಂದು ಗುರುತಿನ ಮೇಲಿರಲಿ. ಸಮತೋಲನವನ್ನು ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಬರುವ ಸ್ಪರ್ಶಜ್ಞಾನ ಈ ಮೂರೂ ಸೇರಿ ಕಾಯುತ್ತವೆ. ಪಾದವನ್ನೇ ನೋಡುತ್ತಾ ನಡೆದರೆ ಕೆಲಸವೆಲ್ಲ ಕಣ್ಣಿಗೇ ಹೋಗಿ, ಪಾದ ತಾನಾಗಿ ನೆಲವನ್ನು ಅರಿಯುವುದನ್ನು ಕಲಿಯುವುದಿಲ್ಲ. ಕತ್ತಲಲ್ಲಿ ಬಚ್ಚಲುಮನೆಗೆ ಎದ್ದು ಹೋಗುವಾಗ ಬೇಕಾಗುವುದು ಪಾದದ ಆ ಅರಿವೇ.

ಎಷ್ಟು, ಎಷ್ಟು ನಿಧಾನ

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪಿಸಿದ, ವಯಸ್ಸಾದವರು ಬೀಳುವುದನ್ನು ತಪ್ಪಿಸುವ ವ್ಯಾಯಾಮಕ್ರಮದಲ್ಲಿ ಅಡ್ಡ ನಡಿಗೆಗೆ ಒಂದು ಸ್ಥಾನವಿದೆ. ಅಲ್ಲಿ ಹೇಳಿರುವ ಪ್ರಮಾಣ ಹತ್ತು ಹೆಜ್ಜೆ, ನಾಲ್ಕು ಸಲ; ವಾರಕ್ಕೆ ಮೂರು ದಿನ. ನಾನೂ ಅಷ್ಟನ್ನೇ ಹೇಳುತ್ತೇನೆ. ಆ ಕ್ರಮದ ನಾಲ್ಕು ಪರೀಕ್ಷೆಗಳ ಫಲವನ್ನು ಕೂಡಿಸಿ ನೋಡಿದಾಗ ಬೀಳುವುದು ಸುಮಾರು ಶೇ. 35ರಷ್ಟು ತಗ್ಗಿತ್ತು. ಆ ಶ್ರೇಯಸ್ಸು ಅಡ್ಡ ಹೆಜ್ಜೆಯೊಂದಕ್ಕೇ ಸೇರಿದ್ದಲ್ಲ. ಮಂಡಿಯ ಮತ್ತು ಪಾದದ ಗಿಣ್ಣಿನ ವ್ಯಾಯಾಮ, ಹಿಂದಕ್ಕೆ ನಡೆಯುವುದು, ಕುರ್ಚಿಯಿಂದ ಏಳುವುದು ಎಲ್ಲವೂ ಅದರಲ್ಲಿ ಸೇರಿವೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕೆಂದು ಹೇಳುತ್ತದೆ.

ನಿಧಾನವಾಗಿ ನಡೆಯಿರಿ ಎಂದರೆ ಕೆಲವರಿಗೆ ಇದೇನು ವ್ಯಾಯಾಮ ಎನ್ನಿಸುತ್ತದೆ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2014ರಲ್ಲಿ ಇದನ್ನು ಅಳೆದಿದ್ದಾರೆ. ಅಷ್ಟೇ ದೂರವನ್ನು ಕ್ರಮಿಸಲು ಮುಂದಕ್ಕೆ ನಡೆಯುವುದಕ್ಕಿಂತ ಅಡ್ಡ ನಡೆಯುವುದಕ್ಕೆ ಮೂರು ಪಟ್ಟಿಗಿಂತ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಜನ ತಾವಾಗಿಯೇ ಆರಿಸಿಕೊಂಡ ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಮುಂದಕ್ಕೆ ನಡೆಯುವಾಗ ಒಂದು ಹೆಜ್ಜೆಯ ಓಟವೇ ಮುಂದಿನ ಹೆಜ್ಜೆಯನ್ನು ಎಳೆದುಕೊಂಡು ಹೋಗುತ್ತದೆ. ಅಡ್ಡ ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ದೇಹ ನಿಂತು, ಮತ್ತೆ ಹೊರಡಬೇಕು. ನಿಂತು ನಿಂತು ಹೊರಡುವ ಸಿಟಿ ಬಸ್ಸಿಗೆ ಹೆಚ್ಚು ಡೀಸೆಲ್ ಬೇಕಾಗುವ ಹಾಗೆ. ಸ್ನಾಯುವಿಗೆ ಬೇಕಾದ ದುಡಿಮೆ ಆ ನಿಲ್ಲುವುದರಲ್ಲಿ ಮತ್ತು ಹೊರಡುವುದರಲ್ಲಿದೆ, ಆದ್ದರಿಂದ ವೇಗ ಹೆಚ್ಚಿಸಿ ಅದನ್ನು ಕಳೆದುಕೊಳ್ಳಬೇಡಿ. ಬೆಳಗಿನ ವಾಕಿಂಗ್ ಬಿಟ್ಟು ಇದನ್ನು ಮಾಡಿ ಎಂದೂ ನಾನು ಹೇಳುತ್ತಿಲ್ಲ. ವಾಕಿಂಗ್ ಮುಗಿಸಿ ಬಂದು ಕಾಫಿಗೆ ನೀರಿಟ್ಟು, ಅದು ಕಾಯುವ ಮೊದಲು ಕಟ್ಟೆಯ ಇನ್ನೊಂದು ತುದಿಯಲ್ಲಿ ಮುಗಿಸಿಬಿಡಬಹುದೆಂದು ಕೆಲವರು ಕೇಳುತ್ತಾರೆ. ಬೇಡ, ಒಲೆ ಹಚ್ಚುವ ಮೊದಲೇ ಮಾಡಿ. ಇಡೀ ಅಭ್ಯಾಸಕ್ಕೆ ಹಿಡಿಯುವುದು ಎಂಟು ಹತ್ತು ನಿಮಿಷ.

ಪಾಂಡವಪುರದ ಕಡೆಯ ಹಳ್ಳಿಯೊಂದರಿಂದ ಮಗನ ಜೊತೆ ಬಂದಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರಿಗೆ ಇದನ್ನು ಹೇಳಿಕೊಟ್ಟಾಗ, ಅವರು ಒಂದೆರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. "ಹಿಂಗ್ ಅಡ್ಡಡ್ಡಕ್ಕೆ ಯಾಕವ್ವಾ ನಡೀಬೇಕು, ನಾನೇನ್ ಏಡಿಯಾ?" ಎಂದರು. ನಾನು, "ಗೌಡ್ರೇ, ತೆವರಿ ಮೇಲೆ ಹೋಗುವಾಗ ಕಾಲು ಜಾರಿದರೆ ಯಾವ ಕಡೆಗೆ ಬೀಳ್ತೀರಿ?" ಎಂದು ಕೇಳಿದೆ. "ಗದ್ದೆ ಒಳಕ್ಕೆ" ಎಂದರು. "ಗದ್ದೆ ಮುಂದೆ ಇರ್ತದೋ, ಪಕ್ಕದಲ್ಲೋ?" ಅವರು ಉತ್ತರ ಹೇಳಲಿಲ್ಲ, ಕಟ್ಟೆಯ ಮೇಲೆ ಕೈ ಊರಿ ಮತ್ತೆ ಶುರು ಮಾಡಿದರು. ಮೊಣಕಾಲುದ್ದದ ನೀರಿನಲ್ಲಿ ನಿಂತು ಗದ್ದೆಗೆ ನೀರು ಕಟ್ಟುವವರಿಗೆ, ಒಂದಡಿ ಅಗಲದ ತೆವರಿಯ ಮೇಲೆ ಗೊಬ್ಬರದ ಮೂಟೆ ಹೊತ್ತು ನಡೆಯುವವರಿಗೆ ಈ ಸ್ನಾಯು ಎಷ್ಟು ಮುಖ್ಯವೆಂಬುದನ್ನು ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ಆಗುವ ತಪ್ಪುಗಳು

ಎಲ್ಲಕ್ಕಿಂತ ಸಾಮಾನ್ಯವಾದದ್ದು ಪಾದವನ್ನು ಹೊರಕ್ಕೆ ತಿರುಗಿಸುವುದು. ಬಲಕ್ಕೆ ಹೋಗುವಾಗ ಬಲ ಪಾದದ ಬೆರಳುಗಳು ಬಲಕ್ಕೆ ತಿರುಗಿದರೆ, ಆ ಹೆಜ್ಜೆ ಅಡ್ಡ ಹೆಜ್ಜೆಯಾಗಿ ಉಳಿಯದೆ ಓರೆಯಾದ ಮುಂದಿನ ಹೆಜ್ಜೆಯಾಗುತ್ತದೆ. ಪಕ್ಕದ ಸ್ನಾಯುವಿನ ಕೆಲಸವನ್ನು ತೊಡೆಯ ಮುಂಭಾಗ ಕಸಿದುಕೊಳ್ಳುತ್ತದೆ. ನೆಲದ ಟೈಲ್ಸಿನ ಗೆರೆಯನ್ನು ಬಳಸಿಕೊಳ್ಳಿ: ಹೋಗುವ ದಾರಿಗೆ ಒಂದು ಗೆರೆ, ಪಾದದ ದಿಕ್ಕಿಗೆ ಅದನ್ನು ಅಡ್ಡ ಕತ್ತರಿಸುವ ಇನ್ನೊಂದು ಗೆರೆ. ಎರಡನೆಯ ತಪ್ಪು ಹೆಜ್ಜೆ ಇಡುವ ಮೊದಲೇ ಮೈಯನ್ನು ಆ ಕಡೆಗೆ ವಾಲಿಸುವುದು. ಭುಜಗಳು ಸೊಂಟದ ಮೇಲೆಯೇ ಇರಬೇಕು. ತಲೆಯ ಮೇಲೆ ಬಿಂದಿಗೆ ಹೊತ್ತವರು ಹೇಗೆ ಸರಿಯುತ್ತಾರೋ ಹಾಗೆ. ಮಂಡಿಗಳು ಒಳಕ್ಕೆ ಬಾಗಿ ಒಂದನ್ನೊಂದು ನೋಡುವುದು ಮೂರನೆಯದು, ಮಂಡಿ ನೋವಿರುವವರಲ್ಲಿ ಇದು ಬಹಳ. ಮಂಡಿಯ ಚಿಪ್ಪು ಎರಡನೆಯ ಬೆರಳಿನ ನೇರಕ್ಕೆ ಇರುವಂತೆ ನೋಡಿಕೊಳ್ಳಿ. ಸೊಂಟದ ಸ್ನಾಯು ಗಟ್ಟಿಯಾದಂತೆ ತೊಡೆಮೂಳೆ ಒಳಕ್ಕೆ ತಿರುಗುವುದು ತಗ್ಗುವುದರಿಂದ ಎಷ್ಟೋ ಜನರ ಮಂಡಿ ನೋವು ಹಗುರವಾಗುತ್ತದೆ, ಆದರೆ ಮಂಡಿಯನ್ನು ತಪ್ಪಾಗಿ ಬಾಗಿಸಿ ಮಾಡಿದರೆ ಅದೇ ನೋವು ಹೆಚ್ಚುತ್ತದೆ.

ಅಭ್ಯಾಸದ ಮಾರನೆಯ ದಿನ ಸೊಂಟದ ಪಕ್ಕದಲ್ಲಿ ಮಾಂಸ ಹಿಡಿದಂಥ ನೋವು ಬಂದರೆ ಹೆದರಬೇಕಾಗಿಲ್ಲ, ಒಂದು ದಿನ ಬಿಟ್ಟು ಮುಂದುವರಿಸಿ. ತೊಡೆಸಂದಿಯಲ್ಲಿ ಚುಚ್ಚಿದಂತೆ ನೋವಾದರೆ, ಸೊಂಟದಿಂದ ಕಾಲಿನವರೆಗೆ ಜುಮ್ಮೆನ್ನುವ ಎಳೆತ ಬಂದರೆ, ಸೊಂಟದ ಹೊರಗಂಟಿನ ಮೇಲೆ ಮಲಗಲಾಗದಷ್ಟು ನೋವಾದರೆ ನಿಲ್ಲಿಸಿ ತೋರಿಸಿಕೊಳ್ಳಿ.

ಮುಂದಿನ ಹಂತಗಳು

ಎರಡು ವಾರ ಎರಡೂ ಅಂಗೈ ಊರಿ ಮಾಡಿದ ಮೇಲೆ ಬೆರಳ ತುದಿಗಳನ್ನು ಮಾತ್ರ ಕಟ್ಟೆಗೆ ತಾಗಿಸಿ. ಅದು ಸಲೀಸಾದ ಮೇಲೆ ಕೈಗಳನ್ನು ಕಟ್ಟೆಯಿಂದ ಎರಡು ಅಂಗುಲ ಮೇಲೆ ತೇಲಿಸಿ, ಬೇಕೆಂದಾಗ ಹಿಡಿಯುವಂತೆ. ಕಟ್ಟೆಯಿಂದ ಪೂರ್ತಿ ದೂರ ಹೋಗಿ ನಡುಮನೆಯಲ್ಲಿ ಮಾಡುವ ಅಗತ್ಯ ಎಪ್ಪತ್ತು ದಾಟಿದವರಿಗೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆಸರೆ ಕೈಗೆಟುಕುವಷ್ಟರಲ್ಲಿ ಇರುವುದರಿಂದ ಲಾಭವೇನೂ ಕಡಿಮೆಯಾಗುವುದಿಲ್ಲ.

ನಾಲ್ಕನೆಯ ವಾರದ ಹೊತ್ತಿಗೆ, ಮಂಡಿ ಒಪ್ಪುವುದಾದರೆ, ಕುರ್ಚಿಯ ಮೇಲೆ ಕೂರಲು ಹೊರಟವರಂತೆ ಮಂಡಿ ಮತ್ತು ಸೊಂಟವನ್ನು ಸ್ವಲ್ಪ ಬಗ್ಗಿಸಿ ಅದೇ ಎತ್ತರದಲ್ಲಿ ಅಡ್ಡ ನಡೆಯಿರಿ. ನಾನು ಮೇಲೆ ಹೇಳಿದ 2015ರ ಅಧ್ಯಯನದಲ್ಲಿ, ನೇರ ನಿಂತು ನಡೆದದ್ದಕ್ಕಿಂತ ಹೀಗೆ ಬಗ್ಗಿ ನಡೆದಾಗ ಪೃಷ್ಠದ ಸ್ನಾಯುಗಳು ಇನ್ನೂ ಹೆಚ್ಚು ದುಡಿದಿದ್ದವು. ಪಂಕ್ತಿಯ ಊಟದಲ್ಲಿ ಬಡಿಸುವವರನ್ನು ನೋಡಿದ್ದೀರಲ್ಲ: ಒಂದು ಕೈಯಲ್ಲಿ ಸಾರಿನ ಬಕೆಟ್, ಇನ್ನೊಂದರಲ್ಲಿ ಸೌಟು, ಸೊಂಟ ಬಗ್ಗಿಸಿ, ಎಲೆಯಿಂದ ಎಲೆಗೆ ಒಂದೊಂದೇ ಅಡ್ಡ ಹೆಜ್ಜೆ ಸರಿಯುತ್ತಾ ಒಂದು ಹನಿಯೂ ಚೆಲ್ಲದಂತೆ ಸಾಲು ಮುಗಿಸುತ್ತಾರೆ. ಅವರ ಪಾದವನ್ನು ಗಮನಿಸಿ. ಹಿಂದಿನ ಕಾಲು ಬಂದು ಸೇರಿ ನೆಲೆಸಿದ ಮೇಲೆಯೇ ಸೌಟು ಬಕೆಟ್ಟಿನಿಂದ ಏಳುತ್ತದೆ. ನಾನು ಮೂರು ಎಣಿಸಿ ಎಂದದ್ದು ಅದನ್ನೇ.

ರಬ್ಬರ್ ಪಟ್ಟಿಯನ್ನು ಅರವತ್ತರ ಒಳಗಿನವರು, ಆರು ವಾರ ಕಳೆದ ಮೇಲೆ ಬಳಸಬಹುದು. ಅತಿ ಮೆದುವಾದದ್ದನ್ನು ಕೊಂಡು ಮೊದಲು ಮಂಡಿಯ ಮೇಲ್ಗಡೆ ಕಟ್ಟಿಕೊಳ್ಳಿ. ಪಾದದ ಗಿಣ್ಣಿಗೆ ಇಳಿಸಿದಷ್ಟೂ ಎಳೆತ ಹೆಚ್ಚುತ್ತದೆ. ಪಟ್ಟಿ ಎಳೆಯುತ್ತಿದೆಯೆಂದು ಹಿಂದಿನ ಕಾಲನ್ನು ಅದು ಸೆಳೆದಂತೆ ಬಿಟ್ಟುಬಿಟ್ಟರೆ ಕಟ್ಟಿಕೊಂಡದ್ದು ವ್ಯರ್ಥ. ವಯಸ್ಸಾದವರಿಗೆ ನಾನು ಪಟ್ಟಿ ಕೊಡುವುದಿಲ್ಲ, ಕಾಲಿಗೆ ಸಿಕ್ಕಿ ಬೀಳುವ ಭಯಕ್ಕೆ. ಒಂದು ಕಾಲನ್ನು ಇನ್ನೊಂದರ ಮುಂದೆ ದಾಟಿಸಿ ಇಡುವ ಹೆಣಿಗೆ ಹೆಜ್ಜೆ ಕೋಲಾಟ ಆಡುವವರಿಗೆ, ಕಬಡ್ಡಿ, ಬ್ಯಾಡ್ಮಿಂಟನ್ ಆಡುವ ಹುಡುಗರಿಗೆ ಒಳ್ಳೆಯದು. ಮಿಕ್ಕವರು ಅದನ್ನು ಬಿಟ್ಟರೂ ನಷ್ಟವಿಲ್ಲ.

ಮೆಟ್ಟಿಲಿನ ಮಾತನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಚಾಮುಂಡಿ ಬೆಟ್ಟದ ಸಾವಿರಕ್ಕೂ ಹೆಚ್ಚು ಮೆಟ್ಟಿಲನ್ನು ಹತ್ತಿ ಹೋದ ಮಂಡಿ ನೋವಿನವರು ಇಳಿಯುವಾಗ ತಾವಾಗಿಯೇ ಅಡ್ಡ ತಿರುಗುವುದನ್ನು ನೋಡಿದ್ದೇನೆ. ಅದು ತಪ್ಪಲ್ಲ, ಕ್ರಮ ಗೊತ್ತಿರಬೇಕು. ಕಂಬಿ ಇರುವ ಮೆಟ್ಟಿಲಿನಲ್ಲಿ ಕಂಬಿಗೆ ಮುಖ ಮಾಡಿ, ಎರಡೂ ಕೈಯಲ್ಲಿ ಹಿಡಿದು, ಇಳಿಯುವಾಗ ನೋವಿರುವ ಕಾಲನ್ನು ಮೊದಲು ಕೆಳಗಿಡಿ, ಒಳ್ಳೆಯ ಕಾಲು ಮೇಲಿನ ಮೆಟ್ಟಿಲಿನಲ್ಲಿ ನಿಂತು ತೂಕವನ್ನು ನಿಧಾನವಾಗಿ ಇಳಿಸಲಿ. ಹತ್ತುವಾಗ ಒಳ್ಳೆಯ ಕಾಲು ಮೊದಲು. ಪ್ರತಿ ಮೆಟ್ಟಿಲಿನಲ್ಲಿಯೂ ಎರಡೂ ಪಾದ ಸೇರಿಸಿಯೇ ಮುಂದಕ್ಕೆ ಹೋಗಬೇಕು. ಮನೆಯ ಮೆಟ್ಟಿಲಿನಲ್ಲಿ ಇದನ್ನು ಕೆಳಗಿನ ಎರಡು ಮೆಟ್ಟಿಲಿನಲ್ಲಷ್ಟೇ ಅಭ್ಯಾಸ ಮಾಡಿ. ಕಂಬಿ ಇಲ್ಲದ ಕಡೆ ಬೇಡವೇ ಬೇಡ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ, ಕೆರೆಯ ಇಳಿಜಾರಿನಲ್ಲಿ ಅಡ್ಡ ನಡೆದು ನೋಡುವ ಪ್ರಯತ್ನವನ್ನೂ ಮಾಡಬೇಡಿ.

ಆರು ವಾರ ಕಳೆದ ಮೇಲೆ ಮತ್ತೆ ಟವೆಲ್ ಕಟ್ಟಿ ಕನ್ನಡಿಯ ಮುಂದೆ ನಿಲ್ಲಿ. ಬಲ ಹೆ‍ಚ್ಚಿದ್ದು ಕಣ್ಣಿಗೆ ಕಾಣಲು ಸಾಮಾನ್ಯವಾಗಿ ಅಷ್ಟು ದಿನ ಬೇಕು, ಕೆಲವರಿಗೆ ಎಂಟು ವಾರವೂ ಹಿಡಿಯುತ್ತದೆ. ಆಸ್ಪತ್ರೆಯಿಂದ ಬಂದ ಆರು ತಿಂಗಳಿಗೆ, ಸರ್ಜನ್ ಒಪ್ಪಿಗೆ ಕೊಟ್ಟ ಮೇಲೆ, ಅವ್ವ ಮಂಡ್ಯದ ಮನೆಯ ಕಟ್ಟೆ ಹಿಡಿದು ಇದನ್ನು ಶುರು ಮಾಡಿದರು. ಮೊದಲ ದಿನ ಟವೆಲಿನ ಅಂಚು ಎಡಗಾಲಿನ ಮೇಲೆ ನಿಂತಾಗ ಬಲಕ್ಕೆ ಎರಡು ಬೆರಳಿನಷ್ಟು ಇಳಿದಿತ್ತು, ನಾಲ್ಕು ತಿಂಗಳಿಗೆ ಅರ್ಧ ಬೆರಳಿಗೆ ಬಂತು. ಈಗ ಬಟ್ಟೆ ಎಟುಕದಿದ್ದರೆ ಅವರು ಬಾಗುವುದಿಲ್ಲ, ಹಗ್ಗದ ಉದ್ದಕ್ಕೂ ಒಂದೊಂದೇ ಹೆಜ್ಜೆ ಸರಿಯುತ್ತಾ ತೆಗೆಯುತ್ತಾರೆ. ನಿಮ್ಮ ಕ್ಯಾಲೆಂಡರಿನಲ್ಲಿ ಎರಡು ತಿಂಗಳಾದರೂ ಅಂಚು ಕದಲದೆ ಮೊದಲಿನಷ್ಟೇ ಇಳಿಯುತ್ತಿದ್ದರೆ, ಬರೆದಿಟ್ಟದ್ದನ್ನು ತೆಗೆದುಕೊಂಡು ಹತ್ತಿರದ ಫಿಸಿಯೋಥೆರಪಿಸ್ಟರ ಬಳಿ ಹೋಗಿ. ಯಾವ ಕಡೆ, ಎಷ್ಟು, ಎಂದಿನಿಂದ ಎಂಬ ಮೂರು ಮಾತನ್ನು ನೀವೇ ಹೇಳಿದರೆ ಅವರು ಎಲ್ಲಿಂದ ಹಿಡಿಯಬೇಕೆಂಬುದು ಕೂಡಲೇ ತಿಳಿಯುತ್ತದೆ.